ಗಡಿನಾಡಿನ ಲಾರಿ ಸಾಗಣೆ: ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರಿನಲ್ಲಿ ಚಾಲಕರ ಸುರಕ್ಷತೆ ಮತ್ತು ನಿಯಮಪಾಲನೆ

ಲಾರಿ ಸಾಗಣೆಯಲ್ಲಿ ಚಾಲಕರ ಸುರಕ್ಷತೆ ಎಂದರೆ ಸರಕು ಹೊತ್ತ ವಾಹನವನ್ನು ನಡೆಸುವವನ ಪ್ರಾಣಕ್ಕೂ ಅವನ ಎದುರಿಗೆ ಬರುವವರ ಪ್ರಾಣಕ್ಕೂ ಅಪಾಯವಾಗದಂತೆ ಭಾರ, ವೇಗ, ದುಡಿಮೆಯ ಅವಧಿ, ವಾಹನದ ಸ್ಥಿತಿ ಮತ್ತು ಚಾಲಕನ ಆರೋಗ್ಯವನ್ನು ಮಿತಿಯೊಳಗೆ ಇಟ್ಟುಕೊಳ್ಳುವ ವ್ಯವಸ್ಥೆ. ನಿಯಮಪಾಲನೆ ಎಂದರೆ ಆ ಮಿತಿಗಳನ್ನು ಗೊತ್ತುಪಡಿಸಿರುವ ಕಾನೂನುಗಳಿಗೆ ಬದ್ಧವಾಗಿ ನಡೆದು, ಹಾಗೆ ನಡೆದುದಕ್ಕೆ ದಾಖಲೆ ಇಟ್ಟುಕೊಳ್ಳುವುದು. ತೆಲಂಗಾಣದ ಪಶ್ಚಿಮ ಅಂಚಿನಲ್ಲಿರುವ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶಗಳಲ್ಲಿ ಈ ಎರಡೂ ವಿಷಯಗಳು ಬಹುಮಟ್ಟಿಗೆ ಲಾರಿ ಹೊರಡುವ ಮೊದಲೇ ತೀರ್ಮಾನವಾಗುತ್ತವೆ. ಕಲ್ಲು ತುಂಬುವ ಗಣಿಯಲ್ಲಿ, ತೂಕದ ಕಾಟಾದಲ್ಲಿ, ಖೇಪಿಗೆ ಇಷ್ಟು ಎಂದು ಬಾಡಿಗೆ ಮಾತಾಡುವ ಜಾಗದಲ್ಲಿ ಆಗುವ ನಿರ್ಧಾರಗಳ ಫಲವನ್ನು ರಸ್ತೆಯ ಮೇಲೆ ಚಾಲಕ ಒಬ್ಬನೇ ಹೊರುತ್ತಾನೆ.

ಪ್ರದೇಶ ಮತ್ತು ಸರಕು

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಅಂದು ಆಂಧ್ರಪ್ರದೇಶಕ್ಕೆ ಹೋದ ಈ ಭಾಗಗಳು 2014ರಲ್ಲಿ ತೆಲಂಗಾಣದ ಪಾಲಾದವು. 2016ರ ಅಕ್ಟೋಬರ್‌ನಲ್ಲಿ ಹೊಸ ಜಿಲ್ಲೆಗಳು ರಚನೆಯಾದಾಗ ಮೊದಲ ಎರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಆಡಳಿತದ ಗೆರೆ ಬದಲಾದರೂ ಸರಕಿನ ಹಾದಿ ಬದಲಾಗಲಿಲ್ಲ. ಇಲ್ಲಿನ ಲಾರಿಗಳು ಇಂದಿಗೂ ಬೀದರ್, ಹುಮನಾಬಾದ್, ಚಿಂಚೋಳಿ, ಸೇಡಂ ಮತ್ತು ಕಲಬುರಗಿಯ ಕಡೆಗೆ ಹೋಗಿ ಬರುತ್ತವೆ. ಚಾಲಕರಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೂ ಗ್ಯಾರೇಜಿನಲ್ಲಿ ದಖನಿಯನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುತ್ತಾರೆ.

ಮೂರು ಊರುಗಳ ಸಾಗಣೆಯ ಸ್ವರೂಪ ಬೇರೆಬೇರೆ. ಪುಣೆ, ಸೊಲ್ಲಾಪುರ, ಹುಮನಾಬಾದ್ ಮೂಲಕ ಹೈದರಾಬಾದಿಗೆ ಹೋಗಿ ಮಚಲೀಪಟ್ಟಣದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65ರ ಮೇಲಿರುವ ಜಹೀರಾಬಾದ್ ದೂರಸಾಗಣೆಯ ಊರು. 1980ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಲಘು ಟ್ರಕ್ಕುಗಳು ತಯಾರಾಗುತ್ತಿದ್ದ ಇಲ್ಲಿನ ಕಾರ್ಖಾನೆ ಮುಂದೆ ಮಹೀಂದ್ರಾ ಸಂಸ್ಥೆಯ ವಶವಾಯಿತು. ಈಗ ಇಲ್ಲಿ ಟ್ರ್ಯಾಕ್ಟರ್‌ಗಳೂ ತಯಾರಾಗುತ್ತವೆ. ಸುತ್ತಲಿನ ಹೊಲಗಳ ಕಬ್ಬು, ಶುಂಠಿ, ಆಲೂಗಡ್ಡೆಯೂ ಇದೇ ಹೆದ್ದಾರಿಗೆ ಬಂದು ಸೇರುತ್ತವೆ. ನಾರಾಯಣಖೇಡ ಸಂಗಾರೆಡ್ಡಿಯಿಂದ ನಾಂದೇಡ, ಅಕೋಲಾ ಕಡೆಗೆ ಹೋಗುವ 161ನೆಯ ಹೆದ್ದಾರಿಗೂ ಬೀದರಿಗೂ ನಡುವೆ ಇರುವ ಕೃಷಿಪ್ರಧಾನ ಪ್ರದೇಶವಾದ್ದರಿಂದ, ಅಲ್ಲಿ ಹತ್ತಿ ಮತ್ತು ಬೇಳೆಕಾಳು ಹೊರುವ ಸಣ್ಣ ಲಾರಿಗಳೂ ಟ್ರ್ಯಾಕ್ಟರ್ ಟ್ರಾಲಿಗಳೂ ಹೆಚ್ಚು.

ತಾಂಡೂರಿನದು ಬೇರೆಯೇ ಲೋಕ. ಭೀಮಾ ಜಲಾನಯನದ ಸುಣ್ಣಕಲ್ಲಿನ ಪದರಗಳು ಶಹಾಬಾದಿನಿಂದ ಇಲ್ಲಿಯವರೆಗೆ ಹಬ್ಬಿರುವುದರಿಂದ, ನೀಲಿ ಮತ್ತು ಹಳದಿ ಛಾಯೆಯ ಹಾಸುಗಲ್ಲು, ಅಂದರೆ ಫರ್ಸಿ, ತೆಗೆಯುವ ಗಣಿಗಳೂ ಅದನ್ನು ನುಣುಪುಗೊಳಿಸುವ ಘಟಕಗಳೂ ಕರನ್‌ಕೋಟೆಯ ಭಾರತೀಯ ಸಿಮೆಂಟ್ ನಿಗಮದ ಕಾರ್ಖಾನೆ ಸೇರಿದಂತೆ ಸಿಮೆಂಟ್ ಕಾರ್ಖಾನೆಗಳೂ ಇಲ್ಲಿ ನೆಲೆಗೊಂಡಿವೆ. 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಾಂಡೂರು ತೊಗರಿಯದೂ ದೊಡ್ಡ ವ್ಯಾಪಾರ. ವಾಡಿ–ಸಿಕಂದರಾಬಾದ್ ರೈಲುಮಾರ್ಗ 1874ರಿಂದಲೂ ಇದ್ದರೂ ಗಣಿಯಿಂದ ಘಟಕಕ್ಕೆ, ಘಟಕದಿಂದ ಪೇಟೆಗೆ ಕಲ್ಲು ಸಾಗುವುದು ಲಾರಿಯಲ್ಲೇ. ಅವು ಸಾಗುವ ದಾರಿಗಳು ಕಷ್ಟದವು. ಮೆಹಬೂಬ್‌ನಗರದಿಂದ ಕೊಡಂಗಲ್, ತಾಂಡೂರು ಮೂಲಕ ಚಿಂಚೋಳಿಗೆ ಹೋಗುವ ಹೆದ್ದಾರಿ ಒಂದು. ಅನಂತಗಿರಿ ಗುಡ್ಡದ ತಿರುವುಗಳನ್ನು ಇಳಿದು ಹತ್ತುವ ವಿಕಾರಾಬಾದ್ ರಸ್ತೆ ಇನ್ನೊಂದು. ಚೇವೆಳ್ಳ ಮೂಲಕ ಹೈದರಾಬಾದ್ ಸೇರುವ, ಇಕ್ಕೆಲದ ಹಳೆಯ ಆಲದ ಮರಗಳ ಪ್ರಶ್ನೆಯಿಂದಾಗಿ ಅಗಲೀಕರಣ ವರ್ಷಗಟ್ಟಲೆ ನಿಂತುಹೋಗಿದ್ದ 163ನೆಯ ಹೆದ್ದಾರಿ ಮತ್ತೊಂದು.

2025ರ ನವೆಂಬರ್ 3ರ ಮುಂಜಾನೆ ಈ ಕೊನೆಯ ರಸ್ತೆಯಲ್ಲಿ, ಚೇವೆಳ್ಳ ಮಂಡಲದ ಮಿರ್ಜಾಗುಡದ ಬಳಿ, ತಾಂಡೂರಿನಿಂದ ಹೈದರಾಬಾದಿಗೆ ಹೊರಟಿದ್ದ ತೆಲಂಗಾಣ ರಸ್ತೆ ಸಾರಿಗೆ ನಿಗಮದ ಬಸ್ಸಿಗೂ ಎದುರಿನಿಂದ ಬಂದ ಖಡಿ ತುಂಬಿದ ಟಿಪ್ಪರಿಗೂ ಡಿಕ್ಕಿಯಾಗಿ ಕನಿಷ್ಠ 19 ಮಂದಿ ಸತ್ತರು. ಡಿಕ್ಕಿಯ ಹೊಡೆತದ ಜೊತೆಗೆ ಟಿಪ್ಪರಿನಲ್ಲಿದ್ದ ಖಡಿ ಬಸ್ಸಿನೊಳಕ್ಕೆ ಸುರಿದು ಪ್ರಯಾಣಿಕರನ್ನು ಹೂತದ್ದು ಸಾವಿನ ಸಂಖ್ಯೆ ಏರಲು ಕಾರಣವಾಯಿತು. ಇಬ್ಬರು ಚಾಲಕರೂ ಉಳಿಯಲಿಲ್ಲ. ಸರಕಿನ ಭಾರವೂ ಅದು ಸಡಿಲವಾಗಿರುವುದೂ ರಸ್ತೆಯ ಇಕ್ಕಟ್ಟೂ ಒಂದಕ್ಕೊಂದು ಕೂಡಿದರೆ ಏನಾಗುತ್ತದೆ ಎಂಬುದನ್ನು ಈ ಪ್ರದೇಶದ ಜನ ಅಂದು ಕಂಡಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಭಾರ

ಕಲ್ಲಿನ ಸಾಗಣೆಯಲ್ಲಿ ಮಿತಿಮೀರಿದ ಭಾರ, ಅಂದರೆ ಓವರ್‌ಲೋಡ್, ಅಷ್ಟು ಸುಲಭವಾಗಿ ಆಗಲು ಕಾರಣ ಕಲ್ಲಿನ ಸಾಂದ್ರತೆ. ಸುಣ್ಣಕಲ್ಲಿನ ಒಂದು ಘನ ಮೀಟರ್ ಸುಮಾರು 2.6 ಟನ್ ತೂಗುತ್ತದೆ. ಎರಡು ಅಚ್ಚಿನ ಲಾರಿಗೆ ಕಾನೂನು ಒಪ್ಪುವ ಒಟ್ಟು ತೂಕ 18.5 ಟನ್; ವಾಹನದ ಸ್ವಂತ ತೂಕ ಆರೂವರೆ ಟನ್ ಎಂದಿಟ್ಟುಕೊಂಡರೆ ಸರಕಿಗೆ ಉಳಿಯುವುದು 12 ಟನ್, ಅಂದರೆ ನಾಲ್ಕೂವರೆ ಘನ ಮೀಟರ್ ಕಲ್ಲು. ಐದು ಮೀಟರಿಗೂ ತುಸು ಉದ್ದದ, ಎರಡು ಮೀಟರಿಗೂ ತುಸು ಅಗಲದ ಲಾರಿಯ ಹಾಸಿನ ಮೇಲೆ ಅಷ್ಟು ಕಲ್ಲನ್ನು ಸಮವಾಗಿ ಹರಡಿದರೆ ಅದು ಮೊಣಕಾಲಿನ ಎತ್ತರಕ್ಕೂ ಬರುವುದಿಲ್ಲ. ಕಣ್ಣಿಗೆ ಅರ್ಧ ಖಾಲಿಯಾಗಿ ಕಾಣುವ ಲಾರಿ ಕಾಟಾದ ಮೇಲೆ ತುಂಬಿದ ಲಾರಿ. ಖಡಿಯ ಲೆಕ್ಕವೂ ಹೀಗೆಯೇ ಇದೆ. ಸಡಿಲ ಖಡಿಯ ಘನ ಮೀಟರಿಗೆ ಸುಮಾರು ಒಂದೂವರೆ ಟನ್ನಿನಂತೆ, 28 ಟನ್ ಒಟ್ಟು ತೂಕದ ಟಿಪ್ಪರ್ ಹೊರಬಹುದಾದ 17 ಟನ್ ಸುಮಾರು 11 ಘನ ಮೀಟರಿನಲ್ಲೇ ಮುಗಿದುಹೋಗುತ್ತದೆ, ಆದರೆ ಅದರ ತೊಟ್ಟಿ ಅದಕ್ಕಿಂತ ದೊಡ್ಡದಾಗಿರುತ್ತದೆ. ತೊಟ್ಟಿಯ ಅಂಚಿನವರೆಗೆ ತುಂಬುವುದೇ ರೂಢಿಯಾದಲ್ಲಿ ನಿಯಮದ ಉಲ್ಲಂಘನೆಯೂ ರೂಢಿಯಾಗಿಬಿಡುತ್ತದೆ.

ಹೆಚ್ಚುವರಿ ಭಾರದ ಪರಿಣಾಮ ಮೊದಲು ತಾಗುವುದು ಬ್ರೇಕಿಗೆ. 18.5 ಟನ್ನಿಗೆ ರೂಪಿಸಿದ ಲಾರಿ 24 ಟನ್ ಹೊತ್ತರೆ, ಅದೇ ವೇಗದಲ್ಲಿ ನಿಲ್ಲಲು ಬ್ರೇಕುಗಳು ಸುಮಾರು ಶೇ. 30ರಷ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಕಳೆಯಬೇಕು. ಅನಂತಗಿರಿಯಂಥ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಇಳಿಯದೆ ಬ್ರೇಕನ್ನೇ ನೆಚ್ಚಿದರೆ ಡ್ರಮ್ಮುಗಳು ಕಾದು, ಹಿಡಿತ ಕುಗ್ಗಿ, ಕೊನೆಯ ತಿರುವಿನಲ್ಲಿ ಚಾಲಕನ ಕಾಲಡಿಯ ಪೆಡಲಿಗೆ ಅರ್ಥವೇ ಉಳಿಯುವುದಿಲ್ಲ. ಟೈರು ಸಿಡಿಯುವುದು, ಸ್ಪ್ರಿಂಗ್ ಪಟ್ಟಿ ಮುರಿಯುವುದು, ಭಾರದ ಕೇಂದ್ರ ಮೇಲಕ್ಕೇರಿ ತಿರುವಿನಲ್ಲಿ ಮಗುಚುವುದು ಇವೆಲ್ಲ ಅದೇ ಕಾರಣದ ಕವಲುಗಳು. ಅಂಚಿನ ಮೇಲೆ ನಿಲ್ಲಿಸಿದ ಫರ್ಸಿ ಹಲಗೆಗಳಿಗೆ ಒತ್ತುಗೂಟವಿಲ್ಲದಿದ್ದರೆ ಅವು ತಟಕ್ಕನೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರಿ ಕ್ಯಾಬಿನ್ನನ್ನೇ ಒಡೆಯಬಲ್ಲವು. ಕಲ್ಲಿನ ಮೇಲೆಯೇ ಕುಳಿತು ಹೋಗುವ ಹಮಾಲರ ಸಾವುಗಳಿಗೂ ಇದೇ ದಾರಿ. ರಸ್ತೆಯೂ ಸವೆಯುತ್ತದೆ. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ತಿಳಿದಂತೆ ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ಸರಿಸುಮಾರು ನಾಲ್ಕನೆಯ ಘಾತಕ್ಕೆ ಏರುತ್ತದೆ, ಆದ್ದರಿಂದ ಅಚ್ಚಿನ ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟಾಗುತ್ತದೆ. ತಾಂಡೂರಿನ ಗುಂಡಿಬಿದ್ದ ರಸ್ತೆಗಳನ್ನು ದೂರುವವರು ಈ ಲೆಕ್ಕವನ್ನೂ ನೋಡಬೇಕು.

ಕಾನೂನಿನ ನೆಲೆ ಗಟ್ಟಿಯಾಗಿಯೇ ಇದೆ. ಮೋಟಾರು ವಾಹನಗಳ ಅಧಿನಿಯಮ, 1988ರ 113ನೆಯ ಕಲಮು ತೂಕದ ಮಿತಿಯನ್ನು ವಿಧಿಸುತ್ತದೆ. 114ನೆಯದು ಅಧಿಕಾರಿಗೆ ವಾಹನವನ್ನು ತೂಗಿಸುವ ಮತ್ತು ಹೆಚ್ಚಿನ ಭಾರವನ್ನು ಇಳಿಸುವಂತೆ ಆದೇಶಿಸುವ ಅಧಿಕಾರ ಕೊಡುತ್ತದೆ. 2018ರ ಜುಲೈ 16ರ ಅಧಿಸೂಚನೆ ಹಿಂದಿನ ಮಿತಿಗಳನ್ನು ಸಡಿಲಿಸಿ, ನಾಲ್ಕು ಚಕ್ರದ ಒಂಟಿ ಅಚ್ಚಿಗೆ 10.2 ಟನ್ ಇದ್ದುದನ್ನು 11.5ಕ್ಕೂ ಎರಡು ಅಚ್ಚಿನ ಲಾರಿಗೆ 16.2 ಟನ್ ಇದ್ದುದನ್ನು 18.5ಕ್ಕೂ ಏರಿಸಿತು. 2019ರ ತಿದ್ದುಪಡಿಯ ನಂತರ 194ನೆಯ ಕಲಮಿನಂತೆ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ; ಆರು ಟನ್ ಹೆಚ್ಚು ಹೊತ್ತ ಲಾರಿಗೆ 32,000 ರೂಪಾಯಿ ಬೀಳುತ್ತದೆ, ಹೆಚ್ಚಿನ ಸರಕು ಇಳಿಸದೆ ಅದು ಮುಂದೆ ಹೋಗುವಂತಿಲ್ಲ. ನಿಲ್ಲಿಸಿ ತೂಗಿಸಲು ಒಪ್ಪದ ಚಾಲಕನಿಗೆ 40,000 ರೂಪಾಯಿ. ಈ ಕಲಮಿನ ಒಂದು ಮಾತು ಬಹಳ ಮುಖ್ಯ: ವಾಹನವನ್ನು ನಡೆಸಿದವನಷ್ಟೇ ಅಲ್ಲದೆ ಹಾಗೆ ನಡೆಸಲು ಕಾರಣನಾದವನೂ ಅವಕಾಶ ಕೊಟ್ಟವನೂ ಇದರಡಿ ತಪ್ಪಿತಸ್ಥರು. ಮಾಲೀಕನನ್ನೂ ಸರಕು ತುಂಬಿಸಿದವನನ್ನೂ ಹಿಡಿಯಲು ಇಷ್ಟು ಸಾಕು, ಆದರೂ ವಾಡಿಕೆಯಲ್ಲಿ ಚೀಟಿ ಸಿಗುವುದು ಚಾಲಕನ ಕೈಗೆ.

ಇಲ್ಲಿ ತಾಂಡೂರಿಗೆ ಬೇರೆಡೆ ಸಿಗದ ಒಂದು ಅನುಕೂಲವಿದೆ. ಗಣಿಯಿಂದ ಹೊರಡುವ ಖನಿಜಕ್ಕೆ ಗಣಿ ಇಲಾಖೆಯ ಸಾಗಣೆ ಪರವಾನಗಿ ಬೇಕು, ಅದರಲ್ಲಿ ಪ್ರಮಾಣ ನಮೂದಾಗಬೇಕು. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಒಳಬರುವ, ಹೊರಹೋಗುವ ಪ್ರತಿ ಲಾರಿಯೂ ಕಾಟಾ ಹತ್ತುತ್ತದೆ. ಅಂದರೆ ತೂಕ ಎಲ್ಲರಿಗೂ ಗೊತ್ತಿರುತ್ತದೆ. ರಾಜಧನಕ್ಕೂ ಬಿಲ್ಲಿಗೂ ಬಳಕೆಯಾಗುವ ಆ ತೂಕವನ್ನು ವಾಹನದ ನೋಂದಣಿ ಪತ್ರದಲ್ಲಿನ ಮಿತಿಯೊಡನೆ ಹೋಲಿಸಿ, ಮೀರಿದ್ದರೆ ಗೇಟು ತೆರೆಯದಂತೆ ಮಾಡುವುದು ತಾಂತ್ರಿಕವಾಗಿ ಬಹಳ ಸಣ್ಣ ಕೆಲಸ. ರಸ್ತೆಬದಿಯ ತಪಾಸಣೆ ಎಷ್ಟೇ ಬಿಗಿಯಾದರೂ ಹತ್ತರಲ್ಲಿ ಒಂದನ್ನು ಹಿಡಿಯಬಹುದು. ಗೇಟಿನ ಕಾಟಾದಿಂದ ಯಾವ ಲಾರಿಯೂ ತಪ್ಪಿಸಿಕೊಳ್ಳುವುದಿಲ್ಲ. ಈ ಪ್ರದೇಶದಲ್ಲಿ ಒಂದೇ ಒಂದು ಸುಧಾರಣೆಗೆ ಅವಕಾಶವಿದ್ದರೆ ಇದನ್ನೇ ಮೊದಲು ಆರಿಸಬೇಕು.

ದುಡಿಮೆಯ ಅವಧಿ ಮತ್ತು ದಣಿವು

ದಣಿವು ಕಾಟಾದ ಮೇಲೆ ಬೀಳುವುದಿಲ್ಲ, ಹಾಗಾಗಿ ಕಾನೂನು ಅದನ್ನು ಗಂಟೆಗಳಲ್ಲಿ ಅಳೆಯುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮ, 1961 ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನಿಟ್ಟು, ದೂರದ ಮಾರ್ಗಗಳಲ್ಲಿ ಪ್ರಾಧಿಕಾರದ ಒಪ್ಪಿಗೆಯಿಂದ ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ ಅವಕಾಶ ಕೊಟ್ಟಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ ಒಂಬತ್ತು ಗಂಟೆ ವಿಶ್ರಾಂತಿ, ಬಿಡುವೂ ಸೇರಿ ದಿನದ ಒಟ್ಟು ಹರವು ಹನ್ನೆರಡು ಗಂಟೆ ಮೀರಬಾರದೆಂಬುದು ಅದರ ಇತರ ಅಂಶಗಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, 2020ರಲ್ಲಿ ಈ ಅಧಿನಿಯಮ ವಿಲೀನವಾಗಿದೆ. ದಿನಕ್ಕೆ ಎಂಟು ಗಂಟೆಯ ಮಿತಿಯನ್ನು ಸಂಹಿತೆಯೂ ಉಳಿಸಿಕೊಂಡಿದೆ.

1961ರ ಅಧಿನಿಯಮ ಐದು ಅಥವಾ ಹೆಚ್ಚು ಸಾರಿಗೆ ಕಾರ್ಮಿಕರಿರುವ ಉದ್ಯಮಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಭಾರತದ ಲಾರಿಗಳಲ್ಲಿ ಬಹುಪಾಲು ಐದಕ್ಕಿಂತ ಕಡಿಮೆ ಲಾರಿ ಇರುವ ಮಾಲೀಕರದ್ದಾದ್ದರಿಂದ ತಮಗೆ ಈ ಕಾನೂನು ತಾಗುವುದಿಲ್ಲವೆಂಬ ನಂಬಿಕೆ ಸಣ್ಣ ಮಾಲೀಕರಲ್ಲಿ ಬೇರೂರಿತು. ಅದು ತಪ್ಪು ನಂಬಿಕೆ. ಮೋಟಾರು ವಾಹನಗಳ ಅಧಿನಿಯಮದ 91ನೆಯ ಕಲಮು ಸಾರಿಗೆ ವಾಹನ ನಡೆಸುವ ಯಾವುದೇ ವ್ಯಕ್ತಿಗೂ ಅದೇ ಗಂಟೆಗಳ ಮಿತಿಯನ್ನು ಹಾಕಿತು. ಒಂದೇ ಲಾರಿಯ ಒಡೆಯನೂ, ತನ್ನ ಲಾರಿಯನ್ನು ತಾನೇ ನಡೆಸುವವನೂ ಆ ಮಿತಿಯ ಒಳಗೇ ಬರುತ್ತಾನೆ.

ನಿಯಮ ಮತ್ತು ನಡವಳಿಕೆಯ ನಡುವಿನ ಅಂತರ ಹುಟ್ಟುವುದು ಕಾಯುವ ವೇಳೆಯಲ್ಲಿ. ಹಳೆಯ ಅಧಿನಿಯಮದ ವ್ಯಾಖ್ಯೆಯಂತೆ ಲಾರಿ ಓಡುವ ಸಮಯ, ಅದಕ್ಕೆ ಸಂಬಂಧಿಸಿದ ಇತರ ಕೆಲಸ, ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಕಾಯುವಿಕೆ ಮಾತ್ರ ದುಡಿಮೆಯ ಗಂಟೆಯಲ್ಲಿ ಸೇರುತ್ತಿದ್ದವು. ಕಾರ್ಖಾನೆಯ ಗೇಟಿನ ಹೊರಗೆ ಸರದಿಗಾಗಿ ಇಡೀ ಹಗಲು ಕಾದ ಚಾಲಕ ಕಾಗದದ ಮೇಲೆ ಹೊಸದಾಗಿ ಕೆಲಸಕ್ಕೆ ಬಂದವನಂತೆ ಸಂಜೆಗೆ ಲೋಡು ಹಿಡಿದು ರಾತ್ರಿಯಿಡೀ ಓಡಿಸುತ್ತಾನೆ. ಎಂಟು ಗಂಟೆಯ ಮಿತಿ ಅವನನ್ನು ತಡೆಯದಿದ್ದರೂ ಹನ್ನೆರಡು ಗಂಟೆಯ ಹರವಿನ ಮಿತಿ ತಡೆಯಬೇಕಿತ್ತು, ಆದರೆ ಆ ಮಿತಿಯ ಹೆಸರನ್ನೇ ಕೇಳಿದವರು ವಿರಳ. ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ ಲಾರಿ ಚಾಲಕರು ದಿನಕ್ಕೆ ಸರಾಸರಿ ಸುಮಾರು 12 ಗಂಟೆ ದುಡಿಯುತ್ತಾರೆಂದು ಕಂಡುಬಂದಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಲಾರಿ ಸುಮಾರು 67 ಮೀಟರ್ ಕುರುಡಾಗಿ ಸಾಗಿರುತ್ತದೆ.

ಇದನ್ನು ಬಿಗಿಗೊಳಿಸುವುದು ಸಂಬಳದ ರೀತಿ. ಖೇಪಿಗೆ ಇಷ್ಟು ಎಂದು ಕೊಡುವ ಕಡೆ ನಿದ್ದೆ ಎಂದರೆ ನಷ್ಟ. ದೂರದ ಸಾಗಣೆಯಲ್ಲಿ ಚಾಲಕರು ಇ–ವೇ ಬಿಲ್ಲಿನ ಗಡುವನ್ನೂ ಕಾರಣವಾಗಿ ಹೇಳುತ್ತಾರೆ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾದ ಈ ಪತ್ರದ ಅವಧಿ 2021ರ ಜನವರಿಯಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಅದಕ್ಕೆ ಮೊದಲು ಪ್ರತಿ 100 ಕಿಲೋಮೀಟರಿಗೆ ಒಂದು ದಿನ ಇತ್ತು. ಜಹೀರಾಬಾದಿನಿಂದ 600 ಕಿಲೋಮೀಟರ್ ದೂರದ ಊರಿಗೆ ಮೂರು ದಿನ ಸಿಗುತ್ತದೆ, ಗಂಟೆಗೆ 40 ಕಿಲೋಮೀಟರಿನ ಸರಾಸರಿಯಲ್ಲಿ ಅದು 15 ಗಂಟೆಯ ಓಟ, ಎಂಟು ಗಂಟೆಯ ಎರಡು ದಿನದಲ್ಲಿ ಮುಗಿಯುವ ಕೆಲಸ. ಅವಧಿ ಮುಗಿಯುವ ಮುಂಚಿನ ಮತ್ತು ನಂತರದ ಎಂಟು ಗಂಟೆಗಳಲ್ಲಿ ಅದನ್ನು ವಿಸ್ತರಿಸಲೂ ಬರುತ್ತದೆ. ಹೀಗಾಗಿ ಗಡುವಿಗಿಂತ ಹೆಚ್ಚಿನ ಒತ್ತಡ ತುಂಬುವ ಸ್ಥಳದ ವಿಳಂಬದ್ದು. ಬಿಲ್ಲನ್ನು ಲಾರಿ ಸರದಿಯಲ್ಲಿರುವಾಗಲೇ ತೆಗೆಯದೆ ಲೋಡು ಮುಗಿದ ಮೇಲೆ ತೆಗೆಯುವ ಶಿಸ್ತು ಕಚೇರಿಯಲ್ಲಿದ್ದರೆ ಅರ್ಧ ತೊಂದರೆ ಅಲ್ಲೇ ಕರಗುತ್ತದೆ.

ಐರೋಪ್ಯ ಒಕ್ಕೂಟದಲ್ಲಿ 2006ರ 561ನೆಯ ನಿಯಮಾವಳಿ ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷದ ಬಿಡುವನ್ನೂ ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಯ ಚಾಲನಾ ಮಿತಿಯನ್ನೂ ವಿಧಿಸಿ, ವಾಹನದಲ್ಲೇ ಕೂರಿಸಿದ ಟ್ಯಾಕೋಗ್ರಾಫ್ ಎಂಬ ದಾಖಲೆ ಯಂತ್ರದಿಂದ ಅದನ್ನು ಕಾಯುತ್ತದೆ. ಅಮೆರಿಕದಲ್ಲಿ 14 ಗಂಟೆಯ ಅವಧಿಯೊಳಗೆ 11 ಗಂಟೆ ಚಾಲನೆಗೆ ಅವಕಾಶವಿದ್ದು 2017ರ ಡಿಸೆಂಬರಿನಿಂದ ವಿದ್ಯುನ್ಮಾನ ದಾಖಲೆ ಕಡ್ಡಾಯ. ಭಾರತದಲ್ಲಿ ಮಿತಿ ಅವೆರಡಕ್ಕಿಂತ ಬಿಗಿಯಾಗಿದೆ, ಅಳೆಯುವ ಯಂತ್ರ ಮಾತ್ರ ಇಲ್ಲ. ಆದರೂ ಟೋಲ್‌ನಾಕಾದಲ್ಲಿ ಬೀಳುವ ಫಾಸ್ಟ್ಯಾಗ್ ಮುದ್ರೆಗಳು, ಕಾಟಾ ಚೀಟಿಯ ಗಂಟೆ, ಬಿಲ್ಲಿನ ವೇಳೆ ಇವನ್ನು ಸೇರಿಸಿ ನೋಡಿದರೆ ಯಾವ ಚಾಲಕ ಯಾವ ರಾತ್ರಿ ಮಲಗಲಿಲ್ಲ ಎಂಬುದು ಮಾಲೀಕನಿಗೆ ತಾನಾಗಿ ತಿಳಿಯುತ್ತದೆ. ಮಲಗಲು ಜಾಗ ಬೇಕೆಂಬುದೂ ಅಷ್ಟೇ ನಿಜ. ತೈಲ ಕಂಪನಿಗಳು ಹೆದ್ದಾರಿಯ ಬಂಕುಗಳಲ್ಲಿ 2024ರಿಂದ ಆರಂಭಿಸಿದ ‘ಅಪ್ನಾ ಘರ್’ ವಸತಿಗಳು ದೂರಸಾಗಣೆಯವರಿಗೆ ನೆರವಾದರೂ ಗಣಿ ರಸ್ತೆಗಳ ಟಿಪ್ಪರ್ ಚಾಲಕರಿಗೆ ಅಂಥದ್ದೇನೂ ಇಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮೂರೂವರೆ ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದು ಬೇಸಿಗೆಯ ಉರಿಬಿಸಿಲಿನ ಈ ಸೀಮೆಯಲ್ಲಿ ಸುಖಸೌಕರ್ಯದ ಮಾತಾಗಿ ಉಳಿಯದೆ ಸುರಕ್ಷತೆಯ ಮಾತೇ ಆಗುತ್ತದೆ, ಅದರ ಫಲ ಹಳೆಯ ಲಾರಿಗಳವರೆಗೆ ಇಳಿಯಲು ವರ್ಷಗಳು ಬೇಕು.

ಚಾಲಕ

ಸಾರಿಗೆ ವಾಹನದ ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ ಮೂರು ವರ್ಷದಿಂದ ಐದಕ್ಕೆ ಏರಿತು. ಎಂಟನೆಯ ತರಗತಿಯ ಓದು ಬೇಕೆಂಬ ಷರತ್ತೂ ಅದೇ ವರ್ಷ ಹೋಯಿತು. ಓದು ಬಾರದ ಅನುಭವಿ ಚಾಲಕರಿಗೆ ಇದು ನ್ಯಾಯವೇ ಆದರೂ ತರಬೇತಿಯನ್ನು ಮಾತಿನಲ್ಲಿ, ಚಿತ್ರದಲ್ಲಿ, ಚಾಲಕನ ಭಾಷೆಯಲ್ಲಿ ಕೊಡುವ ಹೊಣೆಯನ್ನು ಅದು ಮಾಲೀಕರ ಮೇಲೆ ಹೊರಿಸಿತು. ನ್ಯಾಲ್ಕಲ್ ಅಥವಾ ಝರಾಸಂಗಮದ ಕಡೆಯ ಕನ್ನಡಿಗ ಚಾಲಕನಿಗೆ ಇಂಗ್ಲಿಷಿನಲ್ಲಿ ಮುದ್ರಿಸಿದ ಸುರಕ್ಷತಾ ಸೂಚನೆ ಕೊಟ್ಟು ಸಹಿ ಹಾಕಿಸಿಕೊಂಡರೆ ದಾಖಲೆ ಸಿಗುತ್ತದೆ, ಸುರಕ್ಷತೆ ಸಿಗುವುದಿಲ್ಲ. ಹುಮನಾಬಾದಿನಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಚಾಲಕ ತರಬೇತಿ ಕೇಂದ್ರವಿದೆ. ಅಶೋಕ್ ಲೇಲ್ಯಾಂಡ್ ಸಹಯೋಗದ ತೆಲಂಗಾಣದ ಚಾಲನಾ ಸಂಸ್ಥೆ ಸಿರಿಸಿಲ್ಲ ಬಳಿಯ ಮಂಡೆಪಲ್ಲಿಯಲ್ಲಿದೆ. ಜಹೀರಾಬಾದಿನವರಿಗೆ ಗಡಿಯಾಚೆಯದೇ ಹತ್ತಿರ.

ಆರೋಗ್ಯದಲ್ಲಿ ಮೊದಲು ನೋಡಬೇಕಾದುದು ಕಣ್ಣು. ಸಾರಿಗೆ ಪರವಾನಗಿಗೆ ನಮೂನೆ 1–ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕಾದರೂ ಐದು ವರ್ಷಕ್ಕೊಮ್ಮೆ ತೋರುವ ಕಾಗದ, ನಲವತ್ತು ದಾಟಿದವರಲ್ಲಿ ವರ್ಷವರ್ಷಕ್ಕೂ ಬದಲಾಗುವ ದೃಷ್ಟಿಯನ್ನೂ ರಕ್ತದೊತ್ತಡವನ್ನೂ ಹಿಡಿಯಲಾರದು. ಕನ್ನಡಕ ಒಂದು ಟೈರಿನ ಬೆಲೆಗಿಂತ ಎಷ್ಟೋ ಪಾಲು ಅಗ್ಗ. ಡೀಸೆಲ್ ಟ್ಯಾಂಕರ್ ಅಥವಾ ಗಣಿಯ ಸ್ಫೋಟಕ ಸಾಗಿಸುವವರಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದಂತೆ ಪ್ರತ್ಯೇಕ ಮೂರು ದಿನದ ತರಬೇತಿ ಬೇಕು. ಲಘು ವಾಹನದ ಪರವಾನಗಿ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದ್ದರಿಂದ ನಾರಾಯಣಖೇಡದಂಥ ಕಡೆ ಸಣ್ಣ ಸರಕು ವಾಹನಗಳವರ ಒಂದು ದೊಡ್ಡ ಕಾನೂನು ಆತಂಕ ನೀಗಿತು.

ವಾಹನ

ಹೊಸ ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅರ್ಹತಾ ಪತ್ರ ಬೇಕು. ರಾಷ್ಟ್ರೀಯ ರಹದಾರಿ 12 ವರ್ಷ ಮೀರಿದ ಲಾರಿಗೆ, ಬಹು ಅಚ್ಚಿನದಾದರೆ 15 ವರ್ಷ ಮೀರಿದ್ದಕ್ಕೆ ಸಿಗುವುದಿಲ್ಲ. ಈ ಒಳ್ಳೆಯ ನಿಯಮಕ್ಕೆ ಒಂದು ಅನಪೇಕ್ಷಿತ ಫಲವೂ ಇದೆ. ಹೆದ್ದಾರಿಯಿಂದ ನಿವೃತ್ತವಾದ ಲಾರಿಗಳು ಗಣಿಯಿಂದ ಘಟಕಕ್ಕೆ ಕಲ್ಲು ಹೊರುವ ಸ್ಥಳೀಯ ಕೆಲಸಕ್ಕೆ ಇಳಿಯುವುದರಿಂದ ಅತಿ ಭಾರದ ಸರಕನ್ನು ಅತಿ ಹಳೆಯ ವಾಹನವೇ ಹೊರುವಂತಾಗುತ್ತದೆ. ಗಡಿ ಕೆಲವೇ ಕಿಲೋಮೀಟರ್ ದೂರದಲ್ಲಿರುವ ತಾಂಡೂರಿನಲ್ಲಿ ಅಂಥ ಲಾರಿ ಚಿಂಚೋಳಿ ಕಡೆಗೆ ಹೊರಳಿದೊಡನೆ ರಹದಾರಿಯೇ ಇಲ್ಲದ ವಾಹನವೂ ಆಗುತ್ತದೆ.

ವೇಗ ನಿಯಂತ್ರಕ ಯಂತ್ರದ ಮಿತಿ ಸಾಮಾನ್ಯ ಸರಕು ವಾಹನಕ್ಕೆ 80 ಕಿಲೋಮೀಟರ್, ಟಿಪ್ಪರ್ ಮತ್ತು ಟ್ಯಾಂಕರುಗಳಿಗೆ 60. ತಂತಿ ಕಿತ್ತು ಅದನ್ನು ನಿಷ್ಕ್ರಿಯಗೊಳಿಸುವುದು ಬಲ್ಲವರಿಗೆ ಕೆಲವೇ ನಿಮಿಷಗಳ ಕೆಲಸವಾದ್ದರಿಂದ ಅರ್ಹತಾ ಪರೀಕ್ಷೆಯ ದಿನ ಮಾತ್ರ ಅದು ಕೆಲಸ ಮಾಡುವುದುಂಟು. 2015ರಿಂದ ಹೊಸ ಭಾರಿ ವಾಹನಗಳಿಗೆ ಕಡ್ಡಾಯವಾದ ಚಕ್ರ ಜಾಮಾಗದ ಬ್ರೇಕ್ ವ್ಯವಸ್ಥೆಗೂ ಅದೇ ಗತಿ ಬರಬಹುದು. ದಿನವೂ ಮಾಡಬೇಕಾದ ಕೆಲಸ ಇದಕ್ಕಿಂತ ಸರಳವಾದುದು: ಗಾಳಿ ಬ್ರೇಕಿನ ತೊಟ್ಟಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಹೊರಬಿಡುವುದು, ಟೈರು ಬಡಿದು ನೋಡುವುದು, ಹಿಂಬದಿಯ ದೀಪ ಮತ್ತು ಪ್ರತಿಫಲಕ ಪಟ್ಟಿಯ ಮೇಲಿನ ಸುಣ್ಣದ ಧೂಳನ್ನು ಒರೆಸುವುದು. ಕಲ್ಲಿನ ಧೂಳು ಮುಚ್ಚಿದ ಪಟ್ಟಿ ರಾತ್ರಿಯಲ್ಲಿ ಇಲ್ಲದ ಪಟ್ಟಿಗೆ ಸಮ. ಹೆದ್ದಾರಿ 65ರ ಅಂಚಿನಲ್ಲಿ ಕೆಟ್ಟು ನಿಂತ ಲಾರಿ, ಕಬ್ಬಿನ ಕಾಲದಲ್ಲಿ ದೀಪವಿಲ್ಲದೆ ಹೆದ್ದಾರಿಗೆ ಏರುವ ಟ್ರಾಲಿ, ಇವುಗಳ ಹಿಂದೆ ನುಗ್ಗುವ ವಾಹನಗಳಲ್ಲಿ ಸಾಯುವವರು ಹೆಚ್ಚಾಗಿ ಮುಂದಿನ ಸಾಲಿನವರು. ಹಿಂಬದಿಯ ತಡೆಪಟ್ಟಿ ಕಡ್ಡಾಯವಾಗಿರುವುದು ಇದಕ್ಕಾಗಿಯೇ. ದೇಶದಲ್ಲಿ 2022ರಲ್ಲಿ ನಡೆದ 4,61,312 ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಾವುಗಳು ರಾಷ್ಟ್ರೀಯ ಹೆದ್ದಾರಿಗಳಲ್ಲೇ ಸಂಭವಿಸಿದವು.

ಮಾಲೀಕನ ಹೊಣೆ

ದೊಡ್ಡ ಸಂಸ್ಥೆಗಳಿಗೆ ಐಎಸ್ಒ 39001 ಎಂಬ, 2012ರ ರಸ್ತೆ ಸುರಕ್ಷತಾ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಿದೆ. ನಾಲ್ಕು ಲಾರಿಯ ಮಾಲೀಕನಿಗೆ ಅದು ದೂರದ ಮಾತು. ಅವನಿಗೆ ಬೇಕಾದುದು ಪ್ರತಿ ಲಾರಿಗೂ ಒಂದು ಕಡತ, ಅದರಲ್ಲಿ ಅರ್ಹತಾ ಪತ್ರ, ವಿಮೆ, ರಹದಾರಿ, ಹೊಗೆ ಪತ್ರ, ಚಾಲಕನ ಪರವಾನಗಿ ಇವುಗಳ ಮುಕ್ತಾಯ ದಿನ, ಪ್ರತಿ ಖೇಪಿನ ತೂಕ, ಹೊರಟ ಮತ್ತು ತಲುಪಿದ ವೇಳೆ. ಉಪಗ್ರಹದಿಂದ ವಾಹನದ ಸ್ಥಾನ ತಿಳಿಸುವ ಸಾಧನಗಳು ಈಗ ಅಗ್ಗವಾಗಿದ್ದರೂ ಅವುಗಳ ಬಳಕೆ ಬಹುತೇಕ ಡೀಸೆಲ್ ಕಳವು ತಡೆಯುವುದಕ್ಕೆ ಸೀಮಿತವಾಗಿದೆ. ಅದೇ ಸಾಧನ ತೋರಿಸುವ ವೇಗವನ್ನೂ ರಾತ್ರಿಯ ಓಟವನ್ನೂ ನೋಡಿ ಚಾಲಕನೊಡನೆ ಕೂತು ಮಾತಾಡುವ ಮಾಲೀಕರು ಹೆಚ್ಚಬೇಕು. ಹಾಗೆ ಮಾತಾಡುವಾಗ ದಂಡ ಮುರಿದುಕೊಳ್ಳುವ ರೂಢಿ ಬಿಡಬೇಕು, ಏಕೆಂದರೆ ಕೂಲಿ ಮುರಿದರೆ ಚಾಲಕ ಮುಂದಿನ ಸಲ ಕೆಟ್ಟ ಬ್ರೇಕನ್ನೂ ತಪ್ಪಿದ ಅಪಘಾತವನ್ನೂ ಹೇಳದೆ ಮುಚ್ಚಿಡುತ್ತಾನೆ. ಖೇಪಿನ ಲೆಕ್ಕದ ಜಾಗದಲ್ಲಿ ತಿಂಗಳ ಸಂಬಳವನ್ನೂ ಕಾದ ಗಂಟೆಗೆ ಭತ್ಯೆಯನ್ನೂ ಕೊಟ್ಟರೆ, ಮೇಲೆ ಹೇಳಿದ ಅರ್ಧಕ್ಕರ್ಧ ಉಲ್ಲಂಘನೆಗಳಿಗೆ ಕಾರಣವೇ ಇರುವುದಿಲ್ಲ.

ನಿಯಮ ಮೀರಿದ್ದರ ಬೆಲೆ ಅಪಘಾತದ ನಂತರ ದೊಡ್ಡದು. ಪರವಾನಗಿ ಅಥವಾ ರಹದಾರಿಯ ಷರತ್ತು ಮುರಿದಿದ್ದರೆ, 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದ ತತ್ತ್ವದಂತೆ, ವಿಮಾ ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡಬಹುದು. ಒಂದು ಖೇಪಿನಲ್ಲಿ ಉಳಿಸಿದ ಕೆಲವು ಸಾವಿರಕ್ಕೆ ಮನೆ, ಹೊಲ, ಲಾರಿ ಮೂರನ್ನೂ ಕಳೆದುಕೊಳ್ಳುವ ದಾರಿ ಇದು.

ಗಡಿ

2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ವಾಣಿಜ್ಯ ತೆರಿಗೆ ನಾಕಾಗಳು ಹೋದವು. ಸಾರಿಗೆ ಇಲಾಖೆಯ ನಾಕಾಗಳು ಉಳಿದಿದ್ದವು. ಜಹೀರಾಬಾದಿನ ಬಳಿಯ ಗಡಿನಾಕಾ ಸೇರಿದಂತೆ ಅವನ್ನೂ ತೆಲಂಗಾಣ ಸರ್ಕಾರ 2025ರ ಅಕ್ಟೋಬರಿನಲ್ಲಿ ಮುಚ್ಚಿತು. ಚಾಲಕರಿಗೆ ಕಾಯುವುದು ತಪ್ಪಿತು, ಲಂಚದ ದೂರುಗಳಿಗೆ ತೆರೆ ಬಿತ್ತು. ಗಡಿಯಲ್ಲಿ ಲಾರಿಯನ್ನು ನಿಲ್ಲಿಸಿ ತೂಗುವ ಜಾಗವೂ ಹೋಯಿತು. ಆ ಕೆಲಸವನ್ನು ಇನ್ನು ಕ್ಯಾಮೆರಾ ಮತ್ತು ದತ್ತಾಂಶ ಮಾಡಬೇಕು. ಆದರೆ ತೆಲಂಗಾಣ ಬಹುಕಾಲ ರಾಷ್ಟ್ರೀಯ ‘ವಾಹನ್’ ಮತ್ತು ‘ಸಾರಥಿ’ ಜಾಲಗಳ ಹೊರಗೆ ತನ್ನದೇ ದಾಖಲೆ ವ್ಯವಸ್ಥೆ ಇಟ್ಟುಕೊಂಡಿದ್ದುದರಿಂದ ಬೀದರಿನ ಕೆಎ 38, ಸಂಗಾರೆಡ್ಡಿಯ ಟಿಜಿ 15, ವಿಕಾರಾಬಾದಿನ ಟಿಜಿ 34 ಸಂಖ್ಯೆಯ ಲಾರಿಗಳು ಒಂದೇ ರಸ್ತೆಯಲ್ಲಿ ಓಡಿದರೂ ಅವುಗಳ ಇತಿಹಾಸ ಒಂದೇ ಕಡೆ ಕಾಣುತ್ತಿರಲಿಲ್ಲ. ಈಚೆಗೆ ಆ ಜಾಲಗಳಿಗೆ ಸೇರುವ ಕೆಲಸ ಆರಂಭವಾಗಿದೆ.

ಚಾಲಕರ ಭಯ ಬೇರೆ ಕಡೆ ಇದೆ. ಅಪಘಾತ ಮಾಡಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಉಪಕಲಮನ್ನು ವಿರೋಧಿಸಿ 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಅನೇಕ ಕಡೆ ಚಾಲಕರು ಲಾರಿ ನಿಲ್ಲಿಸಿದರು. ಅದೇ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಸ್ಥಳದಲ್ಲೇ ನಿಂತರೆ ಗುಂಪು ಹೊಡೆದು ಸಾಯಿಸುತ್ತದೆಂಬ ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತಿರದ ಠಾಣೆಗೆ ಅಥವಾ 112ಕ್ಕೆ ತಿಳಿಸಿ ಸುರಕ್ಷಿತ ಜಾಗಕ್ಕೆ ಹೋಗುವುದು ಹೇಗೆಂದು ಪ್ರತಿ ಚಾಲಕನಿಗೂ ಮಾಲೀಕ ಮೊದಲೇ ಹೇಳಿಕೊಡಬೇಕು. ಗಾಯಾಳುಗಳಿಗೆ 2025ರ ಮೇ ತಿಂಗಳಿನಿಂದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯಿದೆ. ಚಾಲಕ ಸತ್ತರೆ ಕುಟುಂಬಕ್ಕೆ ಐದು ಲಕ್ಷ ರೂಪಾಯಿಯ ಅಪಘಾತ ನೆರವನ್ನು ತೆಲಂಗಾಣ 2015ರಿಂದ ಕೊಡುತ್ತಿದ್ದು, ಕರ್ನಾಟಕದಲ್ಲೂ ಖಾಸಗಿ ವಾಣಿಜ್ಯ ಸಾರಿಗೆ ಕಾರ್ಮಿಕರಿಗೆ ಅಷ್ಟೇ ಮೊತ್ತದ ಯೋಜನೆಯಿದೆ. ಕ್ಲೀನರ್, ಗ್ಯಾರೇಜ್ ಕೆಲಸಗಾರರನ್ನೂ ಒಳಗೊಳ್ಳುವ ಸಾಮಾಜಿಕ ಭದ್ರತೆಯ ಕಾಯ್ದೆಯನ್ನೂ ಕರ್ನಾಟಕ ಆಮೇಲೆ ರೂಪಿಸಿತು. ಇವು ಆಯಾ ರಾಜ್ಯದ ದಾಖಲೆಯನ್ನು ಆಧರಿಸಿದ ಯೋಜನೆಗಳು. ಮನೆ ಜಹೀರಾಬಾದಿನಲ್ಲಿ, ಪರವಾನಗಿ ಬೀದರಿನಲ್ಲಿ, ಲಾರಿಯ ನೋಂದಣಿ ಇನ್ನೊಂದು ಕಡೆ ಇರುವ ಚಾಲಕನ ಮನೆಯವರು ಎರಡೂ ರಾಜ್ಯಗಳ ಕಚೇರಿಗಳ ನಡುವೆ ಅಲೆಯಬೇಕಾಗದಂತೆ, ಅವನು ಯಾವ ರಾಜ್ಯದ ಯೋಜನೆಯಲ್ಲಿ ಹೆಸರು ಹಚ್ಚಿಸಿದ್ದಾನೆ ಎಂಬುದನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಕೇಳಿ ಆ ಚೀಟಿಯ ಪ್ರತಿಯನ್ನು ಲಾರಿಯ ಕಡತದಲ್ಲಿ ಇಡುವುದು ಮಾಲೀಕನ ಕೆಲಸ.